ಹಾರ್ಟ್ ಸ್ಕ್ಯಾನ್ ನಾರ್ಮಲ್ ಬಂತು, ಆದ್ರೆ ಶ್ವಾಸಕೋಶದಲ್ಲಿ 5 ಎಂಎಂ ಚುಕ್ಕೆ ಅಂತ ಬರೆದಿದ್ದಾರೆ, ಈಗೇನ್ ಮಾಡೋದು?

ಓದುಗರೊಬ್ಬರು ಕೇಳಿದ್ದಾರೆ: "ಡಾಕ್ಟ್ರೇ, ನಂಗೆ 54 ವರ್ಷ. ನಾನು ಸಿಗರೇಟ್ ಸೇದಿದವಳಲ್ಲ, ನಮ್ಮ ಯಜಮಾನ್ರು ಸೇದ್ತಿದ್ರು, ಬಿಟ್ಟು ಹತ್ತು ವರ್ಷ ಆಯ್ತು. ಮೆಟ್ಟಿಲು ಹತ್ತುವಾಗ ಎದೆ ಹಿಡಿದ ಹಾಗೆ ಆಗ್ತಿತ್ತು, ಟ್ರೆಡ್‌ಮಿಲ್ ಟೆಸ್ಟ್ ಬಾರ್ಡರ್‌ಲೈನ್ ಅಂದ್ರು, ಅದಕ್ಕೆ ಸಿಟಿ ಕೊರೊನರಿ ಆಂಜಿಯೋಗ್ರಾಮ್ ಮಾಡಿಸಿದ್ವಿ. ಕ್ಯಾಲ್ಶಿಯಂ ಸ್ಕೋರ್ ಸೊನ್ನೆ, ರಕ್ತನಾಳ ಎಲ್ಲಾ ಕ್ಲಿಯರ್ ಅಂತ ಬಂತು, ಖುಷಿಯಾಯ್ತು. ಆದ್ರೆ ರಿಪೋರ್ಟಿನ ಎರಡನೇ ಪುಟದ ಕೊನೇಲಿ ಬಲ ಶ್ವಾಸಕೋಶದ ಕೆಳಭಾಗದಲ್ಲಿ 5 ಎಂಎಂ ನಾಡ್ಯೂಲ್, ಲಿವರ್‌ನಲ್ಲಿ 7 ಎಂಎಂ ಹೈಪೋಡೆನ್ಸ್ ಲೀಶನ್, ಸಣ್ಣ ಹಯಾಟಸ್ ಹರ್ನಿಯಾ, ಕ್ಲಿನಿಕಲ್ ಕೋರಿಲೇಶನ್ ಬೇಕು ಅಂತ ಇದೆ. ಹಾರ್ಟ್ ಡಾಕ್ಟ್ರು 'ನಿಮ್ಮ ಹೃದಯ ಚೆನ್ನಾಗಿದೆ, ಮಿಕ್ಕಿದ್ದು ಬೇರೆಯವರಿಗೆ ತೋರಿಸಿ' ಅಂದ್ಬಿಟ್ರು. ನೆಟ್‌ನಲ್ಲಿ ನೋಡಿದ್ರೆ ನಾಡ್ಯೂಲ್ ಅಂದ್ರೆ ಕ್ಯಾನ್ಸರ್ ಅಂತಾನೇ ಬರತ್ತೆ. ತಮ್ಮ ಪೆಟ್ ಸ್ಕ್ಯಾನ್ ಮಾಡಿಸು ಅಂತಾನೆ, ಅಕ್ಕ ಸೂಜಿ ಹಾಕಿಸ್ಬೇಡ ಹರಡತ್ತೆ ಅಂತಾಳೆ. ಹೋದ ವರ್ಷದ ಎಕ್ಸ್‌ರೇ, ಎಕೋ ಎರಡರಲ್ಲೂ ಏನೂ ಇರ್ಲಿಲ್ಲ, ಈಗೆಲ್ಲಿಂದ ಬಂತು? ಹದಿನೈದು ದಿನದಿಂದ ನಿದ್ದೆ ಇಲ್ಲ, ವಾಕಿಂಗ್ ಕೂಡ ನಿಲ್ಲಿಸಿದ್ದೀನಿ."

ನಿಮ್ಮ ಪತ್ರ ಓದಿ ಮೊದಲು ಅನ್ಸಿದ್ದು, ಈ ಹದಿನೈದು ದಿನದಲ್ಲಿ ಯಾರಾದ್ರೂ ಒಬ್ರು ಹತ್ತು ನಿಮಿಷ ಕೂರಿಸಿಕೊಂಡು ಹೇಳಿದ್ರೆ ನಿಮ್ಮ ನಿದ್ದೆ ಹೋಗ್ತಿರ್ಲಿಲ್ಲ ಅಂತ. ಹಾಗಾಗಿ ಉತ್ತರ ಮೊದಲೇ ಹೇಳ್ಬಿಡ್ತೀನಿ, ಕಾರಣ ಆಮೇಲೆ. ನೀವು ಬರೆದಿರೋ ಅಷ್ಟು ವಿವರ ನಿಜ ಆಗಿದ್ರೆ, ಹಿಂದೆ ಯಾವ ಕ್ಯಾನ್ಸರೂ ಬಂದಿಲ್ಲ ಅಂದ್ರೆ, ಆ 5 ಎಂಎಂ ಚುಕ್ಕೆ ಕ್ಯಾನ್ಸರ್ ಆಗಿರೋ ಸಾಧ್ಯತೆ ನೂರರಲ್ಲಿ ಒಂದಕ್ಕಿಂತ ಕಮ್ಮಿ. ಪೆಟ್ ಸ್ಕ್ಯಾನ್ ಬೇಡ. ಸೂಜಿ ಬೇಡ. ಲಿವರ್‌ದು ಹೆಚ್ಚುಕಮ್ಮಿ ಖಂಡಿತ ನೀರುಗುಳ್ಳೆ ಥರದ್ದು. ಹರ್ನಿಯಾ ಮಾತ್ರ ನೀವು ಯಾರೂ ಗಮನ ಕೊಟ್ಟಿಲ್ಲ, ನಂಗೆ ಆ ಮೂರರಲ್ಲಿ ಅದೇ ಹೆಚ್ಚು ಕುತೂಹಲ, ಅದರ ಮಾತು ಆಮೇಲೆ.

ಹೃದಯ ನೋಡೋಕೆ ಹೋದ್ರೆ ಶ್ವಾಸಕೋಶ, ಲಿವರ್ ಯಾಕೆ ಸಿಕ್ತು ಅಂತ ತುಂಬಾ ಜನ ಕೇಳ್ತಾರೆ. ಸಿಟಿ ಮೆಷಿನ್‌ಗೆ ಹೃದಯ ಮಾತ್ರ ಆರಿಸ್ಕೊಂಡು ನೋಡೋಕೆ ಬರಲ್ಲ. ನೀವು ಉಸಿರು ಹಿಡಿದ ಆ ಕೆಲವು ಸೆಕೆಂಡ್‌ಗಳಲ್ಲಿ ಎಕ್ಸ್‌ರೇ ಕಿರಣ ಎದೆಯ ಸುತ್ತ ತಿರುಗತ್ತೆ, ಶ್ವಾಸನಾಳ ಎರಡಾಗಿ ಕವಲೊಡೆಯೋ ಜಾಗದಿಂದ ಶುರುವಾಗಿ ಹೃದಯದ ತಳದವರೆಗೆ ಅಡ್ಡಡ್ಡ ತೆಳ್ಳಗೆ ಸೀಳಿದ ಹಾಗೆ ಚಿತ್ರ ಬರತ್ತೆ, ಆ ಎತ್ತರದಲ್ಲಿ ಏನೇನಿದೆಯೋ ಅಷ್ಟೂ ದಾಖಲಾಗತ್ತೆ. ಅಂದ್ರೆ ಶ್ವಾಸಕೋಶದ ಮಧ್ಯಭಾಗ ಮತ್ತು ಕೆಳಭಾಗ, ಲಿವರ್‌ನ ಮೇಲ್ತುದಿ, ಅನ್ನನಾಳ, ದೊಡ್ಡ ರಕ್ತನಾಳ, ಬೆನ್ನುಮೂಳೆ, ಪಕ್ಕೆಲುಬು, ಸ್ತನದ ಒಂದು ಭಾಗ. ಆಮೇಲೆ ರೇಡಿಯಾಲಜಿಸ್ಟ್‌ಗಳು, ಅಂದ್ರೆ ಸ್ಕ್ಯಾನ್ ಓದೋ ನಮ್ಮಂಥ ಡಾಕ್ಟ್ರು, ಕಂಪ್ಯೂಟರ್‌ನಲ್ಲಿ ಹೃದಯಕ್ಕೆ ಝೂಮ್ ಮಾಡಿದ ಚಿತ್ರ ಒಂದು, ಇಡೀ ಅಗಲದ ಚಿತ್ರ ಒಂದು, ಹೀಗೆ ಎರಡು ಥರ ತಯಾರು ಮಾಡ್ತೀವಿ. ಆ ಅಗಲದ ಚಿತ್ರ ನೋಡ್ಬೇಕಾ ಬೇಡ್ವಾ ಅಂತ ನಮ್ಮ ವೃತ್ತಿಯಲ್ಲೇ ವರ್ಷಗಟ್ಟಲೆ ಜಗಳ ಆಗಿದೆ. ನೋಡಿದ್ರೆ ಸುಮ್ಮನೆ ಭಯ, ಖರ್ಚು, ಟೆಸ್ಟ್ ಮೇಲೆ ಟೆಸ್ಟ್ ಅಂತ ಒಂದು ಕಡೆ; ಕಿರಣ ಆಗ್ಲೇ ದೇಹದೊಳಗೆ ಹೋಗಿದೆ, ಚಿತ್ರ ಆಗ್ಲೇ ಕೈಲಿದೆ, ನೋಡದೇ ಇರೋಕೆ ನಮಗೆ ಯಾವ ಹಕ್ಕಿದೆ ಅಂತ ಇನ್ನೊಂದು ಕಡೆ. ಈಗ ನೋಡ್ಲೇಬೇಕು ಅನ್ನೋದೇ ಹೆಚ್ಚಿನವರ ಪದ್ಧತಿ, ನನ್ನ ನಿಲುವೂ ಅದೇ. ಆದ್ರೆ ಕಂಡದ್ದನ್ನ ಬರೆಯೋ ರೀತಿ ಬೇರೆ ವಿಷಯ. "ಕ್ಲಿನಿಕಲ್ ಕೋರಿಲೇಶನ್ ಬೇಕು", ಅಂದ್ರೆ ರೋಗಿಯ ಲಕ್ಷಣದ ಜೊತೆ ಹೋಲಿಸಿ ನೋಡಿ, ಅಂತ ಒಂದೇ ಸಾಲು ಬರೆದು ಕೈ ತೊಳ್ಕೊಳೋದನ್ನ ನಾನು ಒಪ್ಪಲ್ಲ. ಚುಕ್ಕೆ ಎಷ್ಟಿದೆ, ಗಟ್ಟಿನಾ ಮಸುಕಾ, ಅಂಚು ಹೇಗಿದೆ, ಮತ್ತೆ ಸ್ಕ್ಯಾನ್ ಬೇಕಾ ಬೇಡ್ವಾ, ಬೇಕಿದ್ರೆ ಯಾವಾಗ, ಇಷ್ಟು ಬರೆಯೋದು ನಮ್ಮ ಕೆಲಸ.

ಇಂಥದ್ದು ನಿಮಗೊಬ್ಬರಿಗೇ ಬಂದಿರೋದಲ್ಲ. ವಯಸ್ಸು, ಎಷ್ಟು ಅಗಲದ ಚಿತ್ರ ನೋಡಿದ್ರು, ಯಾವುದನ್ನ ಲೆಕ್ಕಕ್ಕೆ ತಗೊಂಡ್ರು ಅನ್ನೋದರ ಮೇಲೆ ಅಂಕಿ ತುಂಬಾ ಏರುಪೇರಾಗತ್ತೆ, ಆದ್ರೂ ಹಾರ್ಟ್ ಸಿಟಿ ಮಾಡಿಸಿದ ಹತ್ತು ಜನರಲ್ಲಿ ಸುಮಾರು ನಾಲ್ಕು ಜನರ ರಿಪೋರ್ಟಲ್ಲಿ ಹೃದಯದ ಹೊರಗಿನದ್ದು ಏನಾದ್ರೊಂದು ಬರೆದಿರತ್ತೆ. ಅದರಲ್ಲಿ ಬಹುಪಾಲು ಕೂದಲು ಬೆಳ್ಳಗಾದ ಹಾಗೆ, ವಯಸ್ಸಿನ ಗುರುತು ಅಷ್ಟೇ. ಇಂಥ ಅನಿರೀಕ್ಷಿತ ಗಡ್ಡೆಗಳಿಗೆ ನಮ್ಮಲ್ಲಿ "ಇನ್ಸಿಡೆಂಟಲೋಮ" ಅಂತ ಹೆಸರೇ ಇದೆ, 1982ರಲ್ಲಿ ಕಿಡ್ನಿ ಮೇಲಿರೋ ಅಡ್ರಿನಲ್ ಗ್ರಂಥಿಯ ಗಡ್ಡೆಗೆ ಇಟ್ಟ ಹೆಸರು ಅದು, ಸಿಟಿ ಮೆಷಿನ್ ಎಲ್ಲ ಕಡೆ ಬಂದ ಹಾಗೇ ಅದೂ ಹಬ್ಬಿಕೊಳ್ತು.

ಎಕ್ಸ್‌ರೇಲಿ ಇರ್ಲಿಲ್ಲ, ಎಕೋಲಿ ಇರ್ಲಿಲ್ಲ, ಹಾಗಾದ್ರೆ ಒಂದೇ ವರ್ಷದಲ್ಲಿ ಹುಟ್ಟಿದ್ದು ಅಂತ ನೀವು ತಿಳ್ಕೊಂಡಿದ್ದೀರಿ, ಅದು ತಪ್ಪು. ಎಕ್ಸ್‌ರೇ ಅಂದ್ರೆ ಇಡೀ ಎದೆಯ ನೆರಳನ್ನ ಒಂದೇ ಹಾಳೆ ಮೇಲೆ ಬೀಳಿಸಿದ ಹಾಗೆ, ಪಕ್ಕೆಲುಬು, ಹೃದಯ, ರಕ್ತನಾಳ ಎಲ್ಲ ಒಂದರ ಮೇಲೊಂದು ಕೂತಿರತ್ತೆ, 8-10 ಎಂಎಂಗಿಂತ ಸಣ್ಣದು ಸಾಮಾನ್ಯವಾಗಿ ಅದರಲ್ಲಿ ಕಾಣೋದೇ ಇಲ್ಲ. ಎಕೋ ಅಂತೂ ಶಬ್ದದ ಅಲೆ, ಅದು ಗಾಳಿ ದಾಟಲ್ಲ, ಶ್ವಾಸಕೋಶದ ಒಳಗೆ ಏನಿದೆ ಅಂತ ಅದಕ್ಕೆ ಗೊತ್ತೇ ಆಗಲ್ಲ. ಹಾಗಾಗಿ ಈ ಚುಕ್ಕೆ ಇಪ್ಪತ್ತು ವರ್ಷದಿಂದ ಅಲ್ಲೇ ಇದ್ದಿರ್ಬಹುದು. ಸ್ಕ್ಯಾನ್‌ನಲ್ಲಿ ರಕ್ತನಾಳ ಎದ್ದು ಕಾಣಲಿ ಅಂತ ಕೊಟ್ಟ ಕಾಂಟ್ರಾಸ್ಟ್ ಇಂಜೆಕ್ಷನ್‌ನಿಂದ ಬಂತಾ ಅಂತಾನೂ ಕೆಲವರು ಕೇಳ್ತಾರೆ, ಇಲ್ಲ, ಕಿಡ್ನಿ ಸರಿ ಇದ್ರೆ ಅದು ಒಂದು ದಿನದೊಳಗೆ ಮೂತ್ರದಲ್ಲಿ ಹೊರಟುಹೋಗತ್ತೆ, ಗಂಟು ಮಾಡಲ್ಲ.

ಹಾಗಾದ್ರೆ ಆ ಚುಕ್ಕೆ ಏನು? ನಾಡ್ಯೂಲ್ ಅನ್ನೋದು ರೋಗದ ಹೆಸರಲ್ಲ, ಆಕಾರದ ಹೆಸರು. 3 ಸೆಂಟಿಮೀಟರ್‌ವರೆಗಿನ ದುಂಡನೆಯ ಯಾವುದನ್ನೇ ಆದ್ರೂ ಶ್ವಾಸಕೋಶದಲ್ಲಿ ಕಂಡ್ರೆ ನಾವು ಹಾಗೇ ಕರೀತೀವಿ. ಯಾವತ್ತೋ ಬಂದು ಹೋದ ನ್ಯುಮೋನಿಯಾದ ಕಲೆ ಇರ್ಬಹುದು, ನಿಮಗೇ ಗೊತ್ತಿಲ್ಲದೆ ಮೈಯೊಳಗೆ ಬಂದು ಅಲ್ಲೇ ಸೋತು ಮುದುಡಿದ ಟಿಬಿ ಅಥವಾ ಫಂಗಸ್‌ನ ಗುರುತು ಇರ್ಬಹುದು, ಶ್ವಾಸಕೋಶದ ಒಳಗಿನ ಪುಟ್ಟ ಲಿಂಫ್ ಗ್ರಂಥಿ ಇರ್ಬಹುದು, ಇದು ಕೆಳಭಾಗದಲ್ಲಿ ಶ್ವಾಸಕೋಶದ ಮಡಿಕೆ ಪಕ್ಕದಲ್ಲಿ ತ್ರಿಕೋನಾಕಾರವಾಗಿ ಕೂತಿರತ್ತೆ, ನೋಡಿದ ತಕ್ಷಣ ಗುರುತು ಸಿಗತ್ತೆ, ಅದನ್ನ ಹಿಂಬಾಲಿಸೋದೇ ಬೇಕಿಲ್ಲ. ಚುಕ್ಕೆ ಪೂರ್ತಿ ಸುಣ್ಣಗಟ್ಟಿದ್ರೆ, ಇಲ್ಲಾ ನಟ್ಟನಡುವೆ ಸುಣ್ಣ ಇದ್ರೆ, ಒಳಗೆ ಕೊಬ್ಬು ಕಂಡ್ರೆ ಅದೂ ಅಪಾಯ ಇಲ್ಲದ್ದು. ಅನುಮಾನ ಬರೋದು ಅಂಚು ಮುಳ್ಳುಮುಳ್ಳಾಗಿದ್ರೆ, ಶ್ವಾಸಕೋಶದ ಮೇಲ್ಭಾಗದಲ್ಲಿದ್ರೆ, ಗಾತ್ರ ದೊಡ್ಡದಿದ್ರೆ, ತುಂಬಾ ವರ್ಷ ಸಿಗರೇಟ್ ಸೇದಿದವರಾಗಿದ್ರೆ, ಒಡಹುಟ್ಟಿದವರಿಗೋ ಅಪ್ಪ ಅಮ್ಮಂಗೋ ಶ್ವಾಸಕೋಶದ ಕ್ಯಾನ್ಸರ್ ಬಂದಿದ್ರೆ, ಆಸ್ಬೆಸ್ಟಾಸ್ ಧೂಳಲ್ಲಿ ಕೆಲಸ ಮಾಡಿದ್ರೆ. ನಿಮ್ಮ ಯಜಮಾನರ ಹೊಗೆ ಲೆಕ್ಕಕ್ಕೇ ಇಲ್ಲ ಅಂತ ಹೇಳಲ್ಲ, ಪಕ್ಕದವರ ಹೊಗೆಯಿಂದ ಅಪಾಯ ಸ್ವಲ್ಪ ಜಾಸ್ತಿ ಆಗೋದು ನಿಜ, ಆದ್ರೆ ಸ್ವಂತ ಸೇದಿದವರ ಪಕ್ಕ ಇಟ್ಟು ನೋಡಿದ್ರೆ ಅದು ತುಂಬಾ ಕಮ್ಮಿ.

ಗಾತ್ರದ ವಿಷಯದಲ್ಲಿ ಒಂದು ಸಣ್ಣ ಗಣಿತ ಹೇಳ್ಲೇಬೇಕು, ಯಾಕಂದ್ರೆ ಕಾಯೋದು ಅಂದ್ರೆ ಉದಾಸೀನ ಅಂತ ಅಂದ್ಕೊಂಡವರಿಗೆ ಇದು ಗೊತ್ತಾದ್ರೆ ಅರ್ಧ ಭಯ ಇಳಿಯತ್ತೆ. ಒಂದು ಗುಂಡಿನ ಘನಗಾತ್ರ ಎರಡರಷ್ಟಾಯ್ತು ಅಂದ್ರೆ ಅದರ ಅಗಲ ಎರಡರಷ್ಟಾಗಲ್ಲ, ಕಾಲು ಭಾಗ ಜಾಸ್ತಿ ಆಗತ್ತೆ ಅಷ್ಟೇ. ನಿಮ್ಮ 5 ಎಂಎಂ ಚುಕ್ಕೆ ಒಳಗಿನ ಜೀವಕೋಶ ಪೂರ್ತಿ ದುಪ್ಪಟ್ಟಾದ್ರೂ ಅದು 6.3 ಎಂಎಂ ಕಾಣತ್ತೆ. ಗಟ್ಟಿ ಥರದ ಶ್ವಾಸಕೋಶದ ಕ್ಯಾನ್ಸರ್ ದುಪ್ಪಟ್ಟಾಗೋಕೆ ಸಾಮಾನ್ಯವಾಗಿ 100ರಿಂದ 400 ದಿನ ತಗೊಳತ್ತೆ. ಇನ್ನೊಂದು ಕಡೆ, ಅದೇ ಚುಕ್ಕೆಯನ್ನ ಇಬ್ಬರು ಡಾಕ್ಟ್ರು ಅಳೆದ್ರೆ, ಉಸಿರು ಹಿಡಿದಿದ್ದು ಚೂರು ಹೆಚ್ಚುಕಮ್ಮಿ ಆದ್ರೆ, ಒಂದೂವರೆ ಎಂಎಂ ವ್ಯತ್ಯಾಸ ಅಳತೆಯಲ್ಲೇ ಬಂದ್ಬಿಡತ್ತೆ, ಅದಕ್ಕೇ 2 ಎಂಎಂ ಆದ್ರೂ ಬೆಳೆದ್ರೆ ಮಾತ್ರ ಬೆಳೆದಿದೆ ಅಂತ ನಾವು ಬರೆಯೋದು. ಈಗ ನೀವೇ ಲೆಕ್ಕ ಹಾಕಿ, ಮುಂದಿನ ತಿಂಗಳೇ ಇನ್ನೊಂದು ಸ್ಕ್ಯಾನ್ ಮಾಡಿಸಿದ್ರೆ ಏನ್ ಗೊತ್ತಾಗತ್ತೆ? ಏನೂ ಇಲ್ಲ. ಅದು ಕ್ಯಾನ್ಸರೇ ಆಗಿದ್ರೂ ಒಂದು ತಿಂಗಳಲ್ಲಿ ಅಳತೆಗೆ ಸಿಗೋ ಅಷ್ಟು ಬೆಳೆದಿರಲ್ಲ, ನೀವು ಸುಮ್ಮನೆ ಕಿರಣ ತಿಂದು ಸುಳ್ಳು ಸಮಾಧಾನ ತಗೊಂಡು ಬರ್ತೀರಿ. ಕಾಲ ಅನ್ನೋದೇ ಇಲ್ಲಿ ಟೆಸ್ಟು, ಸ್ಕ್ಯಾನ್ ಅದರ ಫಲಿತಾಂಶ ಓದೋ ಸಾಧನ.

ಈ ಲೆಕ್ಕದ ಮೇಲೇನೇ ಫ್ಲೈಶ್ನರ್ ಸೊಸೈಟಿ ಅನ್ನೋ ಎದೆ ರೇಡಿಯಾಲಜಿ ತಜ್ಞರ ಅಂತರರಾಷ್ಟ್ರೀಯ ಸಂಸ್ಥೆ ನಿಯಮ ಮಾಡಿಟ್ಟಿದೆ, 2017ರಲ್ಲಿ ಪರಿಷ್ಕರಿಸಿದ್ದನ್ನ ಬಹಳಷ್ಟು ರೇಡಿಯಾಲಜಿಸ್ಟ್‌ಗಳು ಅನುಸರಿಸ್ತಾರೆ. ಗಟ್ಟಿ ನಾಡ್ಯೂಲ್ ಒಂದೇ ಇದ್ದು 6 ಎಂಎಂಗಿಂತ ಸಣ್ಣದಿದ್ರೆ, ಅಪಾಯ ಕಮ್ಮಿ ಇರೋರಿಗೆ ಮತ್ತೆ ಸ್ಕ್ಯಾನ್ ಬೇಡ, ಅಪಾಯ ಜಾಸ್ತಿ ಇರೋರಿಗೆ 12 ತಿಂಗಳಿಗೆ ಒಂದು ಮಾಡಿಸಬಹುದು, ಕಡ್ಡಾಯ ಅಲ್ಲ. 6ರಿಂದ 8 ಇದ್ರೆ 6-12 ತಿಂಗಳಿಗೆ ಒಂದು, ಆಮೇಲೆ 18-24 ತಿಂಗಳಿಗೆ ಇನ್ನೊಂದು, ಅಪಾಯ ಕಮ್ಮಿ ಇರೋರಿಗೆ ಅದು ಬೇಕಿದ್ರೆ ಮಾತ್ರ. 8 ದಾಟಿದ್ರೆ 3 ತಿಂಗಳಿಗೆ ಸಿಟಿ, ಇಲ್ಲಾ ಪೆಟ್ ಸಿಟಿ, ಇಲ್ಲಾ ಬಯಾಪ್ಸಿ (ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆ ಮಾಡೋದು), ಅದು ಆಯಾ ಮನುಷ್ಯರನ್ನ ನೋಡಿ. ಮಸುಕು ಗಾಜಿನ ಥರ ಕಾಣೋ ಚುಕ್ಕೆಗಳ ದಾರಿ ಬೇರೆ, ಅವು 6 ಎಂಎಂ ಅಥವಾ ಜಾಸ್ತಿ ಇದ್ರೆ ನಿಧಾನಕ್ಕೆ ಬೆಳೆಯೋ ಜಾತಿ ಇರ್ಬಹುದು ಅಂತ 5 ವರ್ಷದವರೆಗೂ ಆಗಾಗ ನೋಡ್ತೀವಿ. ನಿಮ್ಮ ರಿಪೋರ್ಟಲ್ಲಿ ಗಟ್ಟಿನಾ ಮಸುಕಾ ಅಂತ ಬರೆದೇ ಇಲ್ಲ, ಇದು ಕೇಳ್ಬೇಕಾದ ಮೊದಲ ಪ್ರಶ್ನೆ. ಇನ್ನೊಂದು ವಿಷಯ, ಹಾರ್ಟ್ ಸಿಟಿಯಲ್ಲಿ ಶ್ವಾಸಕೋಶ ಅರ್ಧಂಬರ್ಧ ಮಾತ್ರ ಸಿಗೋದು ಅಲ್ವಾ, ಅದಕ್ಕೂ ಆ ನಿಯಮದಲ್ಲಿ ಜಾಗ ಇದೆ: 6 ಎಂಎಂಗಿಂತ ಸಣ್ಣದಿದ್ರೆ ಇಡೀ ಎದೆಯ ಸಿಟಿಗೆ ಓಡ್ಬೇಕಿಲ್ಲ, 6-8 ಇದ್ರೆ ಅಪಾಯ ನೋಡ್ಕೊಂಡು 3-12 ತಿಂಗಳೊಳಗೆ ಪೂರ್ತಿ ಎದೆ ಸ್ಕ್ಯಾನ್, 8ಕ್ಕಿಂತ ದೊಡ್ಡದಿದ್ರೆ ಅಥವಾ ನೋಡೋಕೆ ಅನುಮಾನ ಬರೋ ಹಾಗಿದ್ರೆ ಕಾಯದೇ ಪೂರ್ತಿ ಎದೆ ಸ್ಕ್ಯಾನ್ ಮಾಡ್ಬೇಕು. ಈ ನಿಯಮ 35 ವರ್ಷ ದಾಟಿದವರಿಗೆ. ಹಿಂದೆ ಕ್ಯಾನ್ಸರ್ ಬಂದವರಿಗೆ, ರೋಗನಿರೋಧಕ ಶಕ್ತಿ ಕುಂದಿರೋರಿಗೆ ಇದು ಅನ್ವಯಿಸಲ್ಲ, ಅಂಥವರು ಈ ಉತ್ತರ ಓದಿ ಸುಮ್ಮನೆ ಕೂರ್ಬೇಡಿ, ನಿಮ್ಮ ಡಾಕ್ಟ್ರ ಹತ್ರ ಹೋಗಿ.

ತಮ್ಮ ಹೇಳಿದ ಪೆಟ್ ಸ್ಕ್ಯಾನ್ ಯಾಕೆ ಬೇಡ ಅಂದೆ ಅಂದ್ರೆ, ಪೆಟ್‌ನಲ್ಲಿ ಸಕ್ಕರೆಯಂಥ ಔಷಧಿಗೆ ವಿಕಿರಣ ಹಚ್ಚಿ ಕೊಡ್ತಾರೆ, ಜಾಸ್ತಿ ಸಕ್ಕರೆ ತಿನ್ನೋ ಜಾಗ ಹೊಳೆಯತ್ತೆ. 8 ಎಂಎಂಗಿಂತ ಸಣ್ಣ ಚುಕ್ಕೆ ಕ್ಯಾನ್ಸರೇ ಆಗಿದ್ರೂ ಕಾಣೋ ಅಷ್ಟು ಹೊಳೆಯದೇ ಇರ್ಬಹುದು, ಆಗ "ಏನಿಲ್ಲ" ಅಂತ ನಂಬಿ ಕೂರ್ತೀರಿ. ಅದೇ ಒಂದು ಸಣ್ಣ ಸೋಂಕೋ, ಟಿಬಿಯೋ ಇದ್ರೆ ಝಗ್ ಅಂತ ಹೊಳೆಯತ್ತೆ, ಆಗ ಕ್ಯಾನ್ಸರ್ ಅಂತ ಹೆದರ್ತೀರಿ. ಎರಡೂ ಕಡೆ ಮೋಸ. ಜೊತೆಗೆ ವಿಕಿರಣ: ಕಡಿಮೆ ಡೋಸ್‌ನ ಎದೆ ಸಿಟಿಗೆ ಸುಮಾರು ಒಂದೂವರೆ ಮಿಲಿಸೀವರ್ಟ್, ಪೆಟ್ ಸಿಟಿಗೆ ಅದರ ಎಷ್ಟೋ ಪಟ್ಟು. ಹೋಲಿಕೆಗೆ ಬೇಕಿದ್ರೆ, ಭೂಮಿ ಮೇಲೆ ಸುಮ್ಮನೆ ಬದುಕಿದ್ರೂ ಮನುಷ್ಯನಿಗೆ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್ ಪ್ರಕೃತಿಯಿಂದಾನೇ ಬರತ್ತೆ.

ಬಯಾಪ್ಸಿ ಬಗ್ಗೆ ನಿಮ್ಮಕ್ಕನ ತೀರ್ಮಾನ ಸರಿ, ಕಾರಣ ತಪ್ಪು. ಸೂಜಿ ಹಾಕಿದ್ರೆ ಕ್ಯಾನ್ಸರ್ ಮೈಯೆಲ್ಲ ಹರಡತ್ತೆ ಅನ್ನೋ ನಂಬಿಕೆಯಿಂದ ನಿಜವಾಗಿ ಬಯಾಪ್ಸಿ ಬೇಕಾದವರು ತಿಂಗಳುಗಟ್ಟಲೆ ತಡ ಮಾಡಿದ್ದನ್ನ ನಾನು ನೋಡಿದ್ದೀನಿ, ಸೂಜಿ ದಾರಿಯಲ್ಲಿ ಕೋಶ ಅಂಟಿಕೊಳ್ಳೋದು ತೀರಾ ಅಪರೂಪ, ತಡ ಮಾಡೋದರ ಅಪಾಯ ಅದಕ್ಕಿಂತ ಎಷ್ಟೋ ದೊಡ್ಡದು. ನಿಮಗೆ ಬೇಡ ಅನ್ನೋಕೆ ಕಾರಣ ಬೇರೆ: ಉಸಿರಾಟದ ಜೊತೆ ಓಡಾಡ್ತಿರೋ 5 ಎಂಎಂ ಚುಕ್ಕೆಗೆ ಸೂಜಿ ತಾಗಿಸೋದು ಬಹಳ ಕಷ್ಟ, ತಾಗಿದ್ರೂ ಸಿಗೋ ಚೂರು ಸಾಲದೇ ಹೋಗ್ಬಹುದು, ಮತ್ತು ಶ್ವಾಸಕೋಶಕ್ಕೆ ಸೂಜಿ ಹಾಕಿದ ನೂರು ಜನರಲ್ಲಿ 15-25 ಜನಕ್ಕೆ ಗಾಳಿ ಸೋರಿ ಶ್ವಾಸಕೋಶ ಸ್ವಲ್ಪ ಕುಗ್ಗತ್ತೆ, ಅವರಲ್ಲಿ ಕೆಲವರಿಗೆ ಎದೆಗೆ ಟ್ಯೂಬ್ ಹಾಕ್ಬೇಕಾಗತ್ತೆ. ನೂರಕ್ಕೆ ಒಂದಕ್ಕಿಂತ ಕಮ್ಮಿ ಇರೋ ಅನುಮಾನ ಬಗೆಹರಿಸೋಕೆ ಇಷ್ಟು ಅಪಾಯ ಮೈಮೇಲೆ ಎಳ್ಕೊಳೋದು ಬೇಡ.

ಅಮೆರಿಕದಲ್ಲಿ 53 ಸಾವಿರಕ್ಕೂ ಹೆಚ್ಚು ಜನರ ಮೇಲೆ ಮಾಡಿದ ನ್ಯಾಷನಲ್ ಲಂಗ್ ಸ್ಕ್ರೀನಿಂಗ್ ಟ್ರಯಲ್ ಅಂತ ಒಂದು ಅಧ್ಯಯನ ಇದೆ, 2011ರಲ್ಲಿ ಫಲಿತಾಂಶ ಬಂತು. ಅವರೆಲ್ಲ 55 ದಾಟಿದ, ವರ್ಷಾನುಗಟ್ಟಲೆ ಸಿಗರೇಟ್ ಸೇದಿದ ಜನ, ಅಂದ್ರೆ ಅಪಾಯ ಅತಿ ಹೆಚ್ಚಿರೋರು. ಅಂಥವರಲ್ಲೂ ಸಿಟಿಯಲ್ಲಿ "ಅನುಮಾನ ಇದೆ" ಅಂತ ಬಂದ ನೂರು ಫಲಿತಾಂಶದಲ್ಲಿ 96 ಕೊನೆಗೆ ಕ್ಯಾನ್ಸರ್ ಅಲ್ಲ ಅಂತ ಗೊತ್ತಾಯ್ತು. ಅದೇ ಅಧ್ಯಯನದಲ್ಲಿ ಸಿಟಿ ಮಾಡಿಸಿಕೊಂಡವರ ಗುಂಪಲ್ಲಿ ಶ್ವಾಸಕೋಶದ ಕ್ಯಾನ್ಸರ್ ಸಾವು ನೂರಕ್ಕೆ 20ರಷ್ಟು ಕಮ್ಮಿ ಆಯ್ತು ಅನ್ನೋದೂ ಅಷ್ಟೇ ನಿಜ, ಅದನ್ನ ಬಿಟ್ಟು ಬರೀ ಮೊದಲನೇ ಅಂಕಿ ಹೇಳಿದ್ರೆ ನಾನು ಓದುಗರಿಗೆ ಅನ್ಯಾಯ ಮಾಡಿದ ಹಾಗೆ. ಎರಡನ್ನೂ ಒಟ್ಟಿಗೆ ಹಿಡಿಯೋದೇ ಈ ಕೆಲಸದ ಕಷ್ಟ.

ನಾನು ನೋಡಿದ ಇಬ್ಬರ ಕಥೆ ಹೇಳ್ತೀನಿ. ಒಬ್ಬರಿಗೆ ನಿಮ್ಮ ಥರಾನೇ ಹಾರ್ಟ್ ಸ್ಕ್ಯಾನ್‌ನಲ್ಲಿ 9 ಎಂಎಂ ಚುಕ್ಕೆ ಸಿಕ್ತು, ಹೆದರಿ ವಾರದೊಳಗೆ ಬಯಾಪ್ಸಿ ಮಾಡಿಸಿದ್ರು, ಶ್ವಾಸಕೋಶ ಕುಗ್ಗಿ ನಾಲ್ಕು ದಿನ ಟ್ಯೂಬ್ ಹಾಕ್ಕೊಂಡು ಮಲಗಿದ್ರು, ಫಲಿತಾಂಶ ಹಳೇ ಸೋಂಕಿನ ಕಲೆ. ಆಮೇಲೆ ನೋಡಿದ್ರೆ ಅವರ ಮನೆ ಬೀರುವಿನಲ್ಲಿ ಏಳು ವರ್ಷದ ಹಿಂದೆ ಅಪಘಾತ ಆದಾಗ ಮಾಡಿಸಿದ ಎದೆ ಸಿಟಿಯ ಸಿಡಿ ಇತ್ತು, ಅದೇ ಚುಕ್ಕೆ ಅದೇ ಜಾಗದಲ್ಲಿ ಅದೇ ಗಾತ್ರದಲ್ಲಿ ಕೂತಿತ್ತು. ಯಾರೂ ಕೇಳಿರ್ಲಿಲ್ಲ. ಇನ್ನೊಬ್ಬರು ಮೂವತ್ತು ವರ್ಷ ಸಿಗರೇಟ್ ಸೇದಿದವರು, ಬೈಪಾಸ್‌ಗೆ ಮುಂಚೆ ಮಾಡಿದ ಸ್ಕ್ಯಾನ್‌ನಲ್ಲಿ 7 ಎಂಎಂ ಅಂತ ಬರೆದಿತ್ತು, 6 ತಿಂಗಳಿಗೆ ಮತ್ತೆ ನೋಡಿ ಅಂತಾನೂ ಬರೆದಿತ್ತು. ಆಪರೇಷನ್ ಗಡಿಬಿಡಿಯಲ್ಲಿ ಆ ಸಾಲು ಡಿಸ್ಚಾರ್ಜ್ ಸಮ್ಮರಿಗೆ ಇಳೀಲೇ ಇಲ್ಲ. ಹಾರ್ಟ್ ಡಾಕ್ಟ್ರು ಫ್ಯಾಮಿಲಿ ಡಾಕ್ಟ್ರು ನೋಡ್ಕೊತಾರೆ ಅಂದ್ಕೊಂಡ್ರು, ಫ್ಯಾಮಿಲಿ ಡಾಕ್ಟ್ರ ಕೈಗೆ ಆ ರಿಪೋರ್ಟ್ ಸೇರ್ಲೇ ಇಲ್ಲ, ಮನೆಯವರು ಹೃದಯ ಸರಿಹೋಯ್ತಲ್ಲ ಅಂತ ಫೈಲ್ ಕಟ್ಟಿಟ್ರು. ಎರಡೂವರೆ ವರ್ಷ ಆದ್ಮೇಲೆ ಕೆಮ್ಮು ಅಂತ ಬಂದ್ರು. ಆವತ್ತು ಎರಡು ಚಿತ್ರ ಪಕ್ಕಪಕ್ಕ ಇಟ್ಟು ನೋಡಿದ್ದು ನಂಗೆ ಇನ್ನೂ ಮರೆಯೋಕೆ ಆಗಿಲ್ಲ. ಹೆದರಿ ಮುಂದೆ ಓಡಿದವರು, ಗೊತ್ತಿಲ್ಲದೆ ಹಿಂದೆ ಬಿಟ್ಟವರು, ಇಬ್ಬರಿಗೂ ಪೆಟ್ಟಾಗಿದ್ದು ಚುಕ್ಕೆಯಿಂದಲ್ಲ. ಒಬ್ಬರಿಗೆ ಹಳೇ ಚಿತ್ರ ಯಾರೂ ಹುಡುಕ್ಲಿಲ್ಲ, ಇನ್ನೊಬ್ಬರಿಗೆ ಮುಂದಿನ ತಾರೀಕು ಯಾರೂ ಬರೆದಿಟ್ಕೊಳ್ಳಲಿಲ್ಲ.

ಅದಕ್ಕೇ ನಿಮಗೂ ಹೇಳೋದು, ಹೊಸ ಟೆಸ್ಟ್ ಮಾಡಿಸೋಕೆ ಮುಂಚೆ ಹಳೇದನ್ನ ಹುಡುಕಿ. ಹಿಂದೆ ಯಾವತ್ತಾದ್ರೂ ಎದೆದೋ ಹೊಟ್ಟೆದೋ ಸಿಟಿ ಆಗಿದ್ಯಾ ನೆನಪು ಮಾಡ್ಕೊಳಿ, ಹೊಟ್ಟೆ ಸಿಟಿಯಲ್ಲೂ ಶ್ವಾಸಕೋಶದ ಕೆಳತುದಿ ಬಂದಿರತ್ತೆ, ನಿಮ್ಮ ಚುಕ್ಕೆ ಇರೋದೂ ಕೆಳಭಾಗದಲ್ಲೇ. ಎರಡು ವರ್ಷದ ಹಿಂದಿನ ಚಿತ್ರದಲ್ಲೂ ಗಟ್ಟಿ ಚುಕ್ಕೆ ಅಷ್ಟೇ ಇದ್ರೆ ವಿಷಯ ಅಲ್ಲಿಗೇ ಮುಗೀತು. ಬರೀ ರಿಪೋರ್ಟ್ ಹಾಳೆ ಸಾಲಲ್ಲ, ಸಿಡಿ ಅಥವಾ ಚಿತ್ರದ ಫೈಲ್ ಬೇಕು. ಈಗಿನ ಸ್ಕ್ಯಾನ್‌ದೂ ಕೇಳಿ ಇಸ್ಕೊಂಡು ಜೋಪಾನ ಮಾಡಿ, ಇನ್ನು ಹತ್ತು ವರ್ಷ ಆದ್ಮೇಲೆ ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿದಾಗ ಇದೇ ಚುಕ್ಕೆ ಹೊಸ ಡಾಕ್ಟ್ರಿಗೆ ಮತ್ತೆ ಹೊಸದಾಗಿ ಕಾಣತ್ತೆ, ಆಗ ಇದು ನಿಮ್ಮನ್ನ ಉಳಿಸತ್ತೆ.

ಲಿವರ್‌ದು ಬೇಗ ಮುಗಿಸ್ತೀನಿ. ಹೈಪೋಡೆನ್ಸ್ ಅಂದ್ರೆ ಸುತ್ತಲಿನ ಲಿವರ್‌ಗಿಂತ ಕಪ್ಪಗೆ ಕಾಣೋದು ಅಂತ ಅಷ್ಟೇ ಅರ್ಥ. ಹಾರ್ಟ್ ಸಿಟಿಯಲ್ಲಿ ಚಿತ್ರ ತೆಗೆಯೋ ಗಳಿಗೆ ಕಾಂಟ್ರಾಸ್ಟ್ ಹೃದಯದ ರಕ್ತನಾಳದಲ್ಲಿರತ್ತೆ, ಲಿವರ್‌ಗೆ ಇನ್ನೂ ಸರಿಯಾಗಿ ತಲುಪಿರಲ್ಲ, ಹಾಗಾಗಿ ಲಿವರ್ ಬಗ್ಗೆ ಆ ಚಿತ್ರ ಹೇಳೋ ಮಾತು ಯಾವಾಗ್ಲೂ ಅರ್ಧ. 1 ಸೆಂಟಿಮೀಟರ್‌ಗಿಂತ ಸಣ್ಣದು, ಕ್ಯಾನ್ಸರ್ ಇತಿಹಾಸ ಇಲ್ಲ, ಹೆಪಟೈಟಿಸ್ ಬಿ, ಸಿ ಅಥವಾ ಸಿರೋಸಿಸ್ ಇಲ್ಲ ಅಂದ್ರೆ ಅದು ನೀರುಗುಳ್ಳೆ ಇಲ್ಲಾ ರಕ್ತನಾಳದ ಪುಟ್ಟ ಗಂಟು, ಹಿಂಬಾಲಿಸ್ಬೇಕಿಲ್ಲ. ಮನಸ್ಸು ಒಪ್ಪದಿದ್ರೆ ಒಂದು ಅಲ್ಟ್ರಾಸೌಂಡ್ ಮಾಡಿಸಿ, ಅದರಲ್ಲಿ ಕಿರಣ ಇಲ್ಲ, ನಾನು ಬೇಡ ಅನ್ನಲ್ಲ.

ಈಗ ಹರ್ನಿಯಾ. ಎದೆಗೂ ಹೊಟ್ಟೆಗೂ ನಡುವಿನ ಪರದೆಯಂಥ ಸ್ನಾಯುವಿನಲ್ಲಿ ಅನ್ನನಾಳ ಇಳಿಯೋಕೆ ಒಂದು ಕಿಂಡಿ ಇದೆ, ಅದು ಸಡಿಲ ಆದಾಗ ಜಠರದ ಮೇಲ್ತುದಿ ಎದೆಯೊಳಗೆ ಜಾರತ್ತೆ, ಅದೇ ಹಯಾಟಸ್ ಹರ್ನಿಯಾ. ಹೊಕ್ಕುಳ ಹತ್ರ ಉಬ್ಬೋ ಹರ್ನಿಯಾಗೂ ಇದಕ್ಕೂ ಸಂಬಂಧ ಇಲ್ಲ, ಸಣ್ಣದಿದ್ರೆ ಆಪರೇಷನ್ನೂ ಬೇಡ. ಆದ್ರೆ ಆಸಿಡ್ ಮೇಲಕ್ಕೆ ಬಂದು ಎದೆ ನಡುವೆ ಹಿಡಿದ ಹಾಗೆ, ಉರಿದ ಹಾಗೆ ಆಗೋಕೆ ಇದು ಕಾರಣ ಆಗ್ಬಹುದು, ಕೆಲವು ಸಲ ಹೃದಯದ ನೋವಿಗೂ ಇದಕ್ಕೂ ಅನುಭವಿ ಡಾಕ್ಟ್ರಿಗೂ ವ್ಯತ್ಯಾಸ ಗೊತ್ತಾಗಲ್ಲ. ನೀವು ಸ್ಕ್ಯಾನ್ ಮಾಡಿಸಿದ್ದು ಎದೆ ಹಿಡಿಯತ್ತೆ ಅಂತ, ಅದಕ್ಕೆ ಉತ್ತರ ಈ ಮೂರನೇ ಸಾಲಲ್ಲೇ ಇರ್ಬಹುದು! ಊಟ ಆದ್ಮೇಲೆ, ಬಗ್ಗಿದಾಗ, ಮಲಗಿದಾಗ ಜಾಸ್ತಿ ಆಗತ್ತಾ ಗಮನಿಸಿ, ಆಗತ್ತೆ ಅಂದ್ರೆ ಹೊಟ್ಟೆ ಡಾಕ್ಟ್ರಿಗೆ ಹೇಳಿ. ಆದ್ರೆ ಹತ್ತುವಾಗ ಮಾತ್ರ ಬಂದು ನಿಂತ್ರೆ ಹೋಗತ್ತೆ ಅಂದ್ರೆ ಎಲ್ಲಾ ಹರ್ನಿಯಾ ಮೇಲೆ ಹಾಕ್ಬೇಡಿ. ದೊಡ್ಡ ರಕ್ತನಾಳ ಕ್ಲಿಯರ್ ಇದ್ದೂ, ಸಿಟಿಯಲ್ಲಿ ಕಾಣದಷ್ಟು ಸಣ್ಣ ರಕ್ತನಾಳಗಳು ಸರಿಯಾಗಿ ಹಿಗ್ಗದೆ ಎದೆನೋವು ಬರೋ ತೊಂದರೆ ಒಂದಿದೆ, ಹೆಂಗಸರಲ್ಲಿ ಜಾಸ್ತಿ, "ನಾರ್ಮಲ್" ಅಂತ ಮನೆಗೆ ಕಳಿಸಿದ ಎಷ್ಟೋ ಜನಕ್ಕೆ ಇದು ಇರತ್ತೆ. ಈ ಮಾತನ್ನ ಹಾರ್ಟ್ ಡಾಕ್ಟ್ರ ಮುಂದೆ ಬಾಯಿಬಿಟ್ಟು ಕೇಳಿ.

ಬೇರೆ ಓದುಗರಿಗೂ ಸ್ವಲ್ಪ ಹೇಳ್ತೀನಿ, ಯಾಕಂದ್ರೆ ಇದು ಸಿಟಿಯಲ್ಲಿ ಮಾತ್ರ ಆಗೋದಲ್ಲ. ಎಕೋದಲ್ಲಿ ಇದೇ ಹರ್ನಿಯಾ ದೊಡ್ಡದಿದ್ರೆ ಹೃದಯದ ಎಡ ಮೇಲ್ಕೋಣೆ ಹಿಂದೆ ಗಡ್ಡೆ ಇದ್ದ ಹಾಗೆ ಕಾಣತ್ತೆ, ಆಗ ಪೇಶೆಂಟ್‌ಗೆ ಸೋಡಾ ಕುಡಿಸಿ ನೋಡೋದುಂಟು, ಒಳಗೆ ಗುಳ್ಳೆ ಓಡಿದ್ರೆ ಅದು ಗಡ್ಡೆ ಅಲ್ಲ, ಹೊಟ್ಟೆ. ಹಾರ್ಟ್ ಎಂಆರ್‌ಐ ಶುರುವಲ್ಲಿ ತೆಗೆಯೋ ಅಗಲದ ಚಿತ್ರದಲ್ಲಿ ಲಿವರ್ ಮತ್ತು ಕಿಡ್ನಿಯ ನೀರುಗುಳ್ಳೆ, ಶ್ವಾಸಕೋಶದ ಸುತ್ತ ನೀರು ಕಾಣೋದು ಸಾಮಾನ್ಯ. ನ್ಯೂಕ್ಲಿಯರ್ ಸ್ಟ್ರೆಸ್ ಟೆಸ್ಟ್‌ಗೆ ಬಳಸೋ ಸೆಸ್ಟಮಿಬಿ ಔಷಧಿಯನ್ನೇ ಕುತ್ತಿಗೆಯ ಪ್ಯಾರಾಥೈರಾಯ್ಡ್ ಅನ್ನೋ ಪುಟ್ಟ ಗ್ರಂಥಿಯ ಗಡ್ಡೆ ಹುಡುಕೋಕೂ ಬಳಸ್ತಾರೆ, ಹಾಗಾಗಿ ಹೃದಯ ನೋಡ್ತಾ ಎದೆಯಲ್ಲಿ ಇನ್ನೆಲ್ಲೋ ಹೊಳೆದ್ರೆ ಅದನ್ನ ಬಿಡೋ ಹಾಗಿಲ್ಲ, ಆದ್ರೆ ಲಿವರ್, ಕರುಳು ಹೊಳೆಯೋದು ಮಾಮೂಲು. ಅಡ್ರಿನಲ್ ಗ್ರಂಥಿಯಲ್ಲಿ ಗಂಟು ಅಂತ ಬಂದು ಜೊತೆಗೆ ಬಿಪಿ ಇದ್ರೆ ಹಾರ್ಮೋನ್ ಟೆಸ್ಟ್ ಮಾಡಿಸ್ಲೇಬೇಕು, ಬಿಪಿಗೆ ಕಾರಣಾನೇ ಅದಾಗಿರ್ಬಹುದು. ಮಹಾಪಧಮನಿ ಎದೆಯ ಮೇಲ್ಭಾಗದಲ್ಲಿ 4 ಸೆಂಟಿಮೀಟರ್ ದಾಟಿ ಹಿಗ್ಗಿದೆ ಅಂತ ಇದ್ರೆ ಅದನ್ನ ಮರೀಬೇಡಿ, ಆಪರೇಷನ್ ಮಾತು ಸಾಮಾನ್ಯವಾಗಿ 5.5 ಹತ್ರ ಬರತ್ತೆ, ಅಲ್ಲೀವರೆಗೆ ಕಾಲಕಾಲಕ್ಕೆ ಅಳತೆ, ಬಿಪಿ ಹತೋಟಿ. ಇನ್ನು ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ, ಮಹಾಪಧಮನಿಯ ಒಳಪದರ ಸೀಳಿರೋದು, ಶ್ವಾಸಕೋಶ ಕುಗ್ಗಿರೋದು, ಇಂಥದ್ದು ಕಂಡ್ರೆ ನಾವು ರಿಪೋರ್ಟ್ ಟೈಪ್ ಆಗೋವರೆಗೂ ಕಾಯಲ್ಲ, ಆವಾಗ್ಲೇ ಫೋನ್ ಮಾಡ್ತೀವಿ. ನಿಮಗೆ ಅಂಥ ಫೋನ್ ಬಂದಿಲ್ಲ ಅಂದ್ರೆ ಆ ಥರದ ತುರ್ತು ಕಂಡಿಲ್ಲ ಅಂತ.

ಒಂದು ಎಚ್ಚರಿಕೆ ಉಲ್ಟಾ ಕಡೆಯಿಂದ. ಹಾರ್ಟ್ ಸಿಟಿಯಲ್ಲಿ ಬೇರೆ ಏನೂ ಬರೆದಿಲ್ಲ ಅಂದ್ರೆ ಶ್ವಾಸಕೋಶ ಪೂರ್ತಿ ಚೆಕ್ ಆಯ್ತು ಅಂತ ಅರ್ಥ ಅಲ್ಲ. ಕ್ಯಾನ್ಸರ್ ಹೆಚ್ಚಾಗಿ ಕಾಣಿಸ್ಕೊಳೋ ಮೇಲ್ಭಾಗ ಆ ಚಿತ್ರದಲ್ಲಿ ಇರೋದೇ ಇಲ್ಲ. ನಿಮ್ಮ ಯಜಮಾನ್ರ ಮಾತು ಬಂತಲ್ಲ, ಅವರಿಗೆ 50 ದಾಟಿದ್ದು, ದಿನಕ್ಕೊಂದು ಪ್ಯಾಕ್ ಲೆಕ್ಕದಲ್ಲಿ ಇಪ್ಪತ್ತು ವರ್ಷ ಸೇದಿದವರಾಗಿದ್ರೆ, ಕಡಿಮೆ ಡೋಸ್ ಸಿಟಿ ಬಗ್ಗೆ ಅವರ ಡಾಕ್ಟ್ರನ್ನ ಕೇಳ್ಬೇಕಾಗಿರೋದು ನಿಮಗಿಂತ ಮೊದಲು ಅವರು.

ನಿಮ್ಮ ಕೆಲಸ ಇಷ್ಟು. ಸ್ಕ್ಯಾನ್ ಓದಿದ ರೇಡಿಯಾಲಜಿಸ್ಟ್ ಹತ್ರ, ಸಿಗದಿದ್ರೆ ಹಾರ್ಟ್ ಡಾಕ್ಟ್ರ ಮೂಲಕ, ಚುಕ್ಕೆ ಗಟ್ಟಿನಾ ಮಸುಕಾ, ಅಂಚು ನುಣುಪಾ, ಸುಣ್ಣ ಇದ್ಯಾ ಅಂತ ಬರೆಸ್ಕೊಳಿ. ಹಳೇ ಸಿಟಿ ಇದ್ರೆ ಕೊಟ್ಟು ಹೋಲಿಸಿ ನೋಡಿ ಅಂತ ಹೇಳಿ. ಆಮೇಲೆ ಒಬ್ಬ ಡಾಕ್ಟ್ರು, ಫ್ಯಾಮಿಲಿ ಡಾಕ್ಟ್ರೋ ಶ್ವಾಸಕೋಶದವರೋ, "ಇದನ್ನ ನಾನು ನೋಡ್ಕೊತೀನಿ" ಅಂತ ಒಪ್ಕೊಳ್ಳಲಿ. "ಮತ್ತೆ ಸ್ಕ್ಯಾನ್ ಬೇಡ" ಅಂತ ಅವರು ಹೇಳಿದ್ರೆ ಅದನ್ನೂ ಬರೆದು ಕೊಡಲಿ. ಗಟ್ಟಿ, ನುಣುಪು, 5 ಎಂಎಂ ಅಂತಾನೇ ಆದ್ರೆ ನಾನಾಗಿದ್ರೆ ಅಲ್ಲಿಗೇ ಬಿಡ್ತಿದ್ದೆ. ಎಷ್ಟು ಹೇಳಿದ್ರೂ ಮನಸ್ಸಿಗೆ ನೆಮ್ಮದಿ ಇಲ್ಲ ಅಂದ್ರೆ, 12 ತಿಂಗಳಿಗೆ ಕಡಿಮೆ ಡೋಸ್‌ನ ಒಂದೇ ಒಂದು ಎದೆ ಸಿಟಿ ಸಾಕು, ಅದಕ್ಕಿಂತ ಮುಂಚೆ ಬೇಡ, ಆ ತಾರೀಕನ್ನ ಫೋನ್‌ನಲ್ಲಿ ಹಾಕಿಡಿ, ಮನೇಲಿ ಇನ್ನೊಬ್ಬರಿಗೂ ಹೇಳಿಡಿ. ನಡುವೆ ಕೆಮ್ಮಿನಲ್ಲಿ ರಕ್ತ ಬಂದ್ರೆ, ಕಾರಣ ಇಲ್ಲದೆ ತೂಕ ಇಳಿದ್ರೆ, ಮೂರು ವಾರ ದಾಟಿದ್ರೂ ಕೆಮ್ಮು ಬಿಡದಿದ್ರೆ ಮಾತ್ರ ಆ ತಾರೀಕಿಗೆ ಕಾಯ್ಬೇಡಿ.

ವಾಕಿಂಗ್ ನಿಲ್ಲಿಸಿದ್ದೀರಿ ಅಂದ್ರಲ್ಲ, ನಾಡ್ಯೂಲ್ ನಡೆದ್ರೆ ಒಡೆಯೋ ವಸ್ತು ಅಲ್ಲ, ಹರ್ನಿಯಾನೂ ಅಲ್ಲ. ನಾಳೆಯಿಂದಾನೇ ಸಮತಟ್ಟು ಜಾಗದಲ್ಲಿ ಶುರು ಮಾಡಿ, ಊಟ ಆದ ತಕ್ಷಣ ಬೇಡ. ಎದೆ ಹಿಡಿದ ಹಾಗಾದ್ರೆ ನಿಂತ್ಕೊಳಿ, ಎಷ್ಟು ದೂರಕ್ಕೆ ಹಿಡೀತು, ಎಷ್ಟು ನಿಮಿಷಕ್ಕೆ ಬಿಡ್ತು ಅಂತ ಬರೆದಿಟ್ಕೊಳಿ, ನಿಂತ್ರೂ ಹೋಗದಿದ್ರೆ ಅಥವಾ ಜೊತೆಗೆ ಬೆವರು, ಉಸಿರುಗಟ್ಟೋದು ಬಂದ್ರೆ ತಕ್ಷಣ ಎಮರ್ಜೆನ್ಸಿಗೆ ಹೋಗಿ. ಹಾರ್ಟ್ ಡಾಕ್ಟ್ರ ಹತ್ರ ಮತ್ತೆ ಹೋಗುವಾಗ ಆ ಚೀಟಿ ತಗೊಂಡು ಹೋಗಿ.